ಬ್ಯಾಕಪ್ಪ ನಡೆಸಿದ ದನಿ ಪರಿಶೀಲನೆ

ನಮ್ಮ ಅಕ್ಕನ ಗಂಡನಿಗೆ ‘ಬ್ಯಾಕಪ್ಪ’ ಎಂದು ಹೆಸರಿಟ್ಟವರು ಯಾರು ಎಂಬ ಬಗ್ಗೆ ನಮ್ಮ ಬೀದಿಯಲ್ಲಿ ಒಮ್ಮತವಿಲ್ಲ. ಸೈಕಲ್ ಅಂಗಡಿಯವನು ತಾನೇ ಎನ್ನುತ್ತಾನೆ. ಅಕ್ಕ ತಾನೇ ಎನ್ನುತ್ತಾಳೆ. ಅಕ್ಕನಿಗೆ ಎದುರಾಡುವ ಧೈರ್ಯ ನನಗೆ ಚಿಕ್ಕಂದಿನಿಂದಲೂ ಇಲ್ಲದ ಕಾರಣ ಅವಳೇ ಎಂದಿಟ್ಟುಕೊಳ್ಳೋಣ. ಹೆಸರಿನ ಕಾರಣ ಮಾತ್ರ ಎಲ್ಲರಿಗೂ ಗೊತ್ತು. ಭಾವ ಮೂವತ್ತೊಂದು ವರ್ಷ ಒಂದು ಕಚೇರಿಯ ದಾಖಲೆ ಕೊಠಡಿಯಲ್ಲಿ ಗುಮಾಸ್ತರಾಗಿದ್ದವರು. ಯಾವ ವಸ್ತುವಾದರೂ ಒಂದೇ ಇದ್ದರೆ ಅವರಿಗೆ ನಿದ್ದೆ ಬರುವುದಿಲ್ಲ. ಬಾಗಿಲಿಗೆ ಮೂರು ಕೀಲಿಕೈ, ಓದಲು ಎರಡು ಕನ್ನಡಕ, ಕೈಯಲ್ಲೊಂದು ಛತ್ರಿಯಿದ್ದರೆ ಚೀಲದಲ್ಲಿ ಇನ್ನೊಂದು. ಪಕ್ಕದ ಮನೆಯವರು ಮಗು ಹುಟ್ಟಿದ ಸಂತೋಷ ಹೇಳಲು ಬಂದಾಗ ಭಾವ ಕೇಳಿದ ಮೊದಲ ಪ್ರಶ್ನೆ, "ಜನನ ಪತ್ರದ ನಕಲು ಎಷ್ಟು ಮಾಡಿಸಿದ್ರಿ?"

ನಿವೃತ್ತರಾದ ಮೇಲೆ ಇಂಥವರು ಮನೆಯಲ್ಲಿ ಕೂತರೆ ಅಕ್ಕನ ಗತಿ ಏನಾಗಬೇಕು? ದೈವಕೃಪೆಯಿಂದ ಭಾವನಿಗೆ ‘ದನಿ ಭಂಡಾರ’ ಸಿಕ್ಕಿತು. ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆ. ಒಂದರಲ್ಲಿ ಮೈಕು, ಇನ್ನೊಂದರಲ್ಲಿ ಕಂಪ್ಯೂಟರು. ಬೀದಿಯ ನಲವತ್ತು ಮಂದಿ ತಮ್ಮ ಬಿಡುವಿನಲ್ಲಿ ಬಂದು ಪುಸ್ತಕಗಳನ್ನು ಗಟ್ಟಿಯಾಗಿ ಓದುತ್ತಾರೆ. ಕಣ್ಣು ಕಾಣದವರು ಅದನ್ನು ಪೆನ್‌ಡ್ರೈವಿನಲ್ಲಿ ತುಂಬಿಸಿಕೊಂಡು ಹೋಗಿ ಕೇಳುತ್ತಾರೆ. ಭಾವನ ಕೆಲಸ ಪ್ರತಿ ಓದಿಗೂ ಒಂದು ಹೆಸರು ಕೊಟ್ಟು ಜೋಪಾನ ಮಾಡುವುದು. ಹೆಸರೆಂದರೆ ಅಂತಿಂಥ ಹೆಸರಲ್ಲ, ಅಚ್ಚ ಕನ್ನಡದಲ್ಲಿ, ಪುಸ್ತಕ, ಅಧ್ಯಾಯ, ಓದಿದವರು, ಅವರ ಆರೋಗ್ಯ ಸಮೇತ: ‘ನಿಯಮಾವಳಿ ಭಾಗ ಹತ್ತು ಹೆಡ್‌ಮಿಸ್ಸು ಸ್ವಲ್ಪ ಕೆಮ್ಮು’. "ಹೆಸರು ಫೈಲಿನ ಮೇಲೇ ಇದೆಯಲ್ಲ, ಮತ್ತೆ ಬಾಯಲ್ಲಿ ಯಾಕೆ ಹೇಳ್ತೀರಿ?" ಎಂದು, ಓದುವವರು ಶುರುವಿನಲ್ಲಿ ಪುಸ್ತಕದ ಹೆಸರು ಹೇಳುವುದನ್ನೂ ನಿಷೇಧಿಸಿದ್ದರು.

ನಾನೂ ಅಲ್ಲಿಯ ಒಬ್ಬ ಓದುಗ. ನನ್ನ ಪಾಲಿಗೆ ಬಂದದ್ದು ‘ಕೋಳಿ ಸಾಕಣೆ’. ಹನ್ನೊಂದು ಭಾಗ. ಮೊಟ್ಟೆಗೆ ಕಾವು ಕೊಡುವ ಪ್ರಕರಣವನ್ನು ನಾನು ಓದಿದ ಭಾವಪೂರ್ಣತೆಗೆ ನನ್ನ ಕಣ್ಣೇ ತೇವವಾಗಿತ್ತೆಂದು ಇಲ್ಲಿ ದಾಖಲಿಸುತ್ತೇನೆ, ಬೇರೆ ಯಾರೂ ದಾಖಲಿಸುವ ಲಕ್ಷಣ ಕಾಣದ್ದರಿಂದ.

ಒಂದು ಸೋಮವಾರ ಬೆಳಿಗ್ಗೆ ಭಂಡಾರದ ಕಂಪ್ಯೂಟರು ಟಕ್ ಟಕ್ ಎಂದು ಎರಡು ಸದ್ದು ಮಾಡಿ ಕಣ್ಣು ಮುಚ್ಚಿತು. ಬೇರೆಯವರಾಗಿದ್ದರೆ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಭಾವ ಹಿರಿಹಿರಿ ಹಿಗ್ಗಿದರು. ಆರು ವರ್ಷದಿಂದ ಪ್ರತಿ ಶುಕ್ರವಾರ ಬ್ಯಾಕಪ್ ತೆಗೆದುಕೊಂಡು ಬಂದ ಮನುಷ್ಯ. ಆರು ವರ್ಷದಿಂದ ಒಂದು ದಿನವೂ ಏನೂ ಕೆಟ್ಟಿರಲಿಲ್ಲ. ಕಾದು ಕಾದು ಅವರಿಗೆ ಬೇಸರವೇ ಬಂದುಬಿಟ್ಟಿತ್ತು.

"ಏನಯ್ಯಾ, ಬೇಗ ಬಾ, ಎಲ್ಲಾ ಹೋಯ್ತು!" ಎಂದು ಅವರು ಫೋನಿನಲ್ಲಿ ಕೂಗಿದ ಉತ್ಸಾಹ ಕೇಳಿ ನಾನು ಏನೋ ಶುಭ ಸಮಾಚಾರವಿರಬೇಕೆಂದೇ ಓಡಿದೆ.

ಮಂಗಳವಾರ ಹೊಸ ಕಂಪ್ಯೂಟರು ಬಂತು. ಬ್ಯಾಕಪ್ ಹೇಗೆ ಮರಳಿ ಬರುತ್ತದೆಂದು ಕಣ್ಣಾರೆ ನೋಡಲು ಭಾವ ಬೀದಿಯವರನ್ನೆಲ್ಲ ಕರೆದರು. ಸೈಕಲ್ ಅಂಗಡಿಯವನು ಒದ್ದೆ ಕೈ ಒರೆಸಿಕೊಂಡು ಬಂದ. ದರ್ಜಿ ಕುತ್ತಿಗೆಯಲ್ಲಿ ಟೇಪು ನೇತುಹಾಕಿಕೊಂಡೇ ಬಂದರು. ನಿವೃತ್ತ ಹೆಡ್‌ಮಿಸ್ಸು ಮೊದಲ ಕುರ್ಚಿಯಲ್ಲಿ ಕೂತರು. ಅಕ್ಕ ಎಲ್ಲರಿಗೂ ಚಹಾ ಕೊಟ್ಟಳು. ಭಾವ ಗುಂಡಿ ಒತ್ತಿದರು. ಪರದೆಯ ಮೇಲೆ ಹಸಿರು ಪಟ್ಟಿ ಮೆಲ್ಲಗೆ ಹರಿದು ತುದಿ ಮುಟ್ಟಿತು. ಸಾವಿರದ ನಾನೂರ ಹದಿಮೂರು ಫೈಲು ಹೋಗಿದ್ದವು, ಸಾವಿರದ ನಾನೂರ ಹದಿಮೂರೂ ಬಂದವು. ಚಪ್ಪಾಳೆ.

ಚಪ್ಪಾಳೆ ನಿಂತ ಮೇಲೆ ಹೆಡ್‌ಮಿಸ್ಸು ಕನ್ನಡಕ ಏರಿಸಿಕೊಂಡು ಕೇಳಿದರು, "ಅದೇನ್ರೀ ಅದು, ಬರೀ ಪ್ರಶ್ನೆ ಚಿಹ್ನೆ?"

ನಿಜ. ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನೆ ಪ್ರಶ್ನೆ ಚಿಹ್ನೆಗಳು. ಕನ್ನಡದಲ್ಲಿ ಬರೆದ ಒಂದು ಅಕ್ಷರವೂ ಉಳಿದಿರಲಿಲ್ಲ. ತಾರೀಖು ನೋಡೋಣವೆಂದರೆ ಎಲ್ಲದಕ್ಕೂ ಅಂದಿನದೇ ತಾರೀಖು. ಹೆಸರು ಸರಿಯಾಗಿ ಉಳಿದದ್ದು ಒಂದೇ ಒಂದು ಫೈಲಿಗೆ. ಮೊದಲ ದಿನ ಇಂಗ್ಲಿಷಿನಲ್ಲಿ ‘ಟೆಸ್ಟ್’ ಎಂದು ಬರೆದಿಟ್ಟಿದ್ದು. ಅದನ್ನು ಹಾಕಿದರೆ ಭಾವ ಗಂಟಲು ಸರಿಪಡಿಸಿಕೊಳ್ಳುವುದು ಬಹಳ ಸ್ಪಷ್ಟವಾಗಿ ಕೇಳಿಸಿತು.

ಇದೆಲ್ಲ ತಮಾಷೆಯಾಗಿಯೇ ಮುಗಿಯುತ್ತಿತ್ತು, ಆಪರೇಟರಮ್ಮ ಇಲ್ಲದಿದ್ದರೆ. ದೊಡ್ಡಾಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಹದಿನೇಳು ವರ್ಷದಿಂದ ಕೂತಿರುವ ಹೆಂಗಸು. ಹುಟ್ಟಿನಿಂದ ಕಣ್ಣು ಕಾಣದು. ಅವರ ವಿಭಾಗದ ಮುಖ್ಯಸ್ಥರ ಹುದ್ದೆಗೆ ವರ್ಷಕ್ಕೊಮ್ಮೆ ಒಂದು ಇಲಾಖಾ ಪರೀಕ್ಷೆ. ಒಬ್ಬರಿಗೆ ಮೂರೇ ಅವಕಾಶ. ಎರಡು ಸಲ ಬರೆದು, ಒಂದು ಸಲ ಆರು ಅಂಕದಲ್ಲಿ, ಇನ್ನೊಂದು ಸಲ ನಾಲ್ಕು ಅಂಕದಲ್ಲಿ ಹೋಗಿತ್ತು. ಇದು ಕಡೆಯದು. ಪರೀಕ್ಷೆಗೆ ಬೇಕಾದ ಕಚೇರಿ ನಿಯಮಾವಳಿ ಇಡೀ ಊರಿನಲ್ಲಿ ದನಿಯ ರೂಪದಲ್ಲಿ ಇದ್ದದ್ದು ನಮ್ಮ ಭಂಡಾರದಲ್ಲಿ ಮಾತ್ರ, ಹೆಡ್‌ಮಿಸ್ಸಿನ ಓದಿನಲ್ಲಿ. ಆಪರೇಟರಮ್ಮನ ಹಳೆಯ ಪೆನ್‌ಡ್ರೈವು ಹೋದ ವಾರವೇ ಕೆಟ್ಟಿತ್ತು. ಪರೀಕ್ಷೆಗೆ ಇನ್ನು ಹತ್ತು ದಿನ.

ಆ ಸಂಜೆ ಅವರ ಫೋನು ಬಂತು. "ಸಾರ್, ಶನಿವಾರ ಬಂದ್ರೆ ಸಿಗುತ್ತಲ್ವಾ?"

"ಬ್ಯಾಕಪ್ ಇದೆಯಮ್ಮಾ," ಎಂದರು ಭಾವ. ಸುಳ್ಳಲ್ಲ. ಆದರೆ ಅವರ ಮುಖ ಬಿಳಿಚಿಕೊಂಡಿತ್ತು.

ಬುಧವಾರ ಬೆಳಿಗ್ಗೆ ಆ ಬ್ಯಾಕಪ್ ತಂತ್ರಾಂಶದ ಸಹಾಯವಾಣಿಗೆ ಫೋನು ಹೋಯಿತು. ಅತ್ತ ಕಡೆಯ ತಜ್ಞರು ಬಹಳ ಒಳ್ಳೆಯವರು, ಎಲ್ಲವನ್ನೂ ಎರಡೆರಡು ಸಲ ಹೇಳಿದರು.

"ಸಾರ್, ಇದು ಎನ್‌ಕೋಡಿಂಗ್ ಸಮಸ್ಯೆ. ನಿಮ್ಮ ಹೆಸರುಗಳು ಒಳಗೆ ಭದ್ರವಾಗೇ ಇವೆ. ಹೊರಗೆ ತೆಗೆಯೋವಾಗ ನಮ್ಮ ತಂತ್ರಾಂಶ ಒಂದು ಅಕ್ಷರಪಟ್ಟಿ ನೋಡ್ಕೊಂಡು ತೆಗೆಯುತ್ತೆ. ಆ ಪಟ್ಟೀಲಿ ಕನ್ನಡ ಅಕ್ಷರ ಇಲ್ಲ. ಇಲ್ಲದೇ ಇರೋ ಅಕ್ಷರದ ಜಾಗಕ್ಕೆಲ್ಲ ಪ್ರಶ್ನೆ ಚಿಹ್ನೆ ಹಾಕುತ್ತೆ."

"ನೀವು ಈಗ ಮಾತಾಡ್ತಿರೋದು ಯಾವ ಭಾಷೆ?"

"ಕನ್ನಡ, ಸಾರ್."

"ನಿಮಗೆ ಬರುತ್ತೆ, ನಿಮ್ಮ ತಂತ್ರಾಂಶಕ್ಕೆ ಬರಲ್ಲ. ಒಂದೇ ಕಚೇರೀಲಿ ಇದ್ದೀರಿ, ಇಷ್ಟು ವರ್ಷದಲ್ಲಿ ಸ್ವಲ್ಪ ಹೇಳಿಕೊಡಬಾರದಿತ್ತೇ?"

"ಹೇಳಿಕೊಡ್ತಾ ಇದ್ದೀವಿ, ಸಾರ್. ಸರಿಪಡಿಸಿದ್ದು ಬರೋಕೆ ಒಂದು ತಿಂಗಳು ಬೇಕು."

ಹತ್ತು ದಿನದಲ್ಲಿ ಪರೀಕ್ಷೆ, ಒಂದು ತಿಂಗಳಿಗೆ ಪರಿಹಾರ. ಭಾವ ಫೋನಿಟ್ಟು ಪರದೆಯತ್ತ ತಿರುಗಿದರು. ಅಲ್ಲಿ ತಂತ್ರಾಂಶ ತಾನಾಗಿಯೇ ಇಂಗ್ಲಿಷಿನಲ್ಲಿ ಒಂದು ವರದಿ ಬರೆದಿತ್ತು. ಪ್ರತಿ ಫೈಲಿಗೂ ಒಂದು ಸಾಲು: ‘ಹೆಸರು ಗುರುತಿಸಲಾಗಿಲ್ಲ. ಪರಿಶೀಲಿಸಿ.’ ಒಟ್ಟು ಸಾವಿರದ ನಾನೂರ ಹನ್ನೆರಡು ಸಾಲು.

ನೀವೋ ನಾನೋ ಆಗಿದ್ದರೆ ಅದನ್ನು ಮುಚ್ಚಿ ಬದಿಗಿಡುತ್ತಿದ್ದೆವು. ಭಾವ ಮೂವತ್ತೊಂದು ವರ್ಷ ದಾಖಲೆ ಕೊಠಡಿಯಲ್ಲಿದ್ದವರು. ‘ಪರಿಶೀಲಿಸಿ’ ಎಂದು ಬರಹದಲ್ಲಿ ಬಂದರೆ ಅದು ಮೇಲಿನವರ ಆದೇಶ. ಮತ್ತು ದಾಖಲೆ ಕೊಠಡಿಯಲ್ಲಿ ಪರಿಶೀಲನೆಗೆ ಇದ್ದದ್ದು ಒಂದೇ ಕ್ರಮ: ಸಂಬಂಧಪಟ್ಟವರು ಖುದ್ದಾಗಿ ಬರಬೇಕು, ನೋಡಬೇಕು, ‘ಇದು ನನ್ನದೇ’ ಎಂದು ಸಹಿ ಹಾಕಬೇಕು, ಇಬ್ಬರು ಸಾಕ್ಷಿಗಳಿರಬೇಕು.

"ಭಾವ, ಅದು ಯಂತ್ರ ಬರೆದಿರೋದು," ಎಂದೆ.

"ಯಾರೇ ಬರೆದಿರಲಿ. ಬರಹದಲ್ಲಿದೆ," ಎಂದರು ಭಾವ.

ಗುರುವಾರ ನಲವತ್ತು ಓದುಗರಿಗೂ ನೋಟೀಸು ಹೋಯಿತು. ‘ತಮ್ಮದೆಂದು ಹೇಳಲಾದ ದನಿಯನ್ನು ಗುರುತಿಸಿ ಸಹಿ ಮಾಡುವ ಸಲುವಾಗಿ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ತಪ್ಪದೆ ಖುದ್ದು ಹಾಜರಾಗತಕ್ಕದ್ದು.’ ಇದನ್ನು ಓದಿದ ದರ್ಜಿ ಪೊಲೀಸರ ಸಮನ್ಸೆಂದೇ ತಿಳಿದರು. ಯಾರಿಗೋ ಫೋನಿನಲ್ಲಿ ಏನೋ ಅಂದುಬಿಟ್ಟಿದ್ದೇನೆಂದು ಹೆಂಡತಿಯ ಮುಂದೆ ತಾವಾಗಿಯೇ ಒಪ್ಪಿಕೊಂಡರು. ಅಂದದ್ದು ಏನು, ಯಾರಿಗೆ ಎಂಬುದು ಇಂದಿಗೂ ಆ ಮನೆಯಲ್ಲಿ ವಿಚಾರಣೆಯಲ್ಲಿದೆ. ಔಷಧದಂಗಡಿಯವರು ವಕೀಲರನ್ನು ಕೇಳಿದರು. ವಕೀಲರು ಓದಿ, "ದನಿ ಪರೀಕ್ಷೆ ಅಂದ್ರೆ ಕೆಲಸಕ್ಕೆ ಆಯ್ಕೆ ಇರಬೇಕು," ಎಂದು ತಮ್ಮ ಮೈದುನನಿಗೆ ತಿಳಿಸಿದರು. ಶನಿವಾರದ ಹೊತ್ತಿಗೆ ದನಿ ಭಂಡಾರದಲ್ಲಿ ರೈಲು ನಿಲ್ದಾಣದ ಘೋಷಕರನ್ನು ಆರಿಸುತ್ತಾರೆಂದು ಮೂರು ಬೀದಿಯಾಚೆಗೂ ಸುದ್ದಿಯಾಗಿತ್ತು.

ಅದೇ ಶನಿವಾರ ಆಪರೇಟರಮ್ಮ ಬಂದರು. ಭಾವ ಅವರನ್ನು ಎದುರಿಸಲಾಗದೆ ಒಳಕೋಣೆಗೆ ಹೋಗಿಬಿಟ್ಟರು. ಹೇಳಬೇಕಾದದ್ದನ್ನು ನಾನೇ ಹೇಳಿದೆ. ಅವರು ಕೈಯಲ್ಲಿದ್ದ ಹೊಸ ಪೆನ್‌ಡ್ರೈವನ್ನು ಮುಚ್ಚಳ ಹಾಕಿ ಚೀಲಕ್ಕೆ ಸೇರಿಸಿ, "ಸರಿ. ನಾಳೆ ರಜ ಇದೆ, ನಾನೂ ಬರ್ತೀನಿ," ಎಂದಷ್ಟೇ ಹೇಳಿ ಹೋದರು.

ಭಾನುವಾರ ಕರೆದದ್ದು ನಲವತ್ತು, ಬಂದದ್ದು ನೂರಿಪ್ಪತ್ತು. ಮೆಟ್ಟಿಲಿನುದ್ದಕ್ಕೂ ಜನ. ಕೆಳಗೆ ಸೈಕಲ್ ಅಂಗಡಿಯ ಮುಂದೆ ಸಾಲು ಬೀದಿಯ ತಿರುವಿನವರೆಗೆ. ಸಾಲಿನಲ್ಲಿ ನಿಂತವರು ಕೈಗೆ ಸಿಕ್ಕಿದ ರೈಲಿನ ಹೆಸರು ಹಿಡಿದು ಘೋಷಣೆ ಅಭ್ಯಾಸ ಮಾಡುತ್ತಿದ್ದರು. ಪಂಕ್ಚರ್ ಹಾಕಿಸಲು ಬಂದ ಒಬ್ಬರು ರೈಲು ಎಲ್ಲಿ ನಿಲ್ಲುತ್ತದೆಂದು ಸೈಕಲ್ ಅಂಗಡಿಯವನನ್ನು ಗಾಬರಿಯಿಂದ ಕೇಳಿದರಂತೆ.

ಮೇಲೆ ಪರಿಶೀಲನೆ ಶುರುವಾಯಿತು. ಮೊದಲು ದರ್ಜಿ. ಭಾವ ಒಂದು ಫೈಲು ಹಾಕಿದರು. ದರ್ಜಿ ಕಿವಿಯಿಟ್ಟು ಕೇಳಿ, "ಯಾರೋ ಪಾಪ, ಮೂಗು ಕಟ್ಟಿದೆ," ಎಂದರು.

"ಅದು ನೀವೇ ಕಣ್ರೀ!" ಎಂದು ಹಿಂದಿನಿಂದ ಅವರ ಹೆಂಡತಿ.

"ನಾನಾ? ನನ್ನ ದನಿ ಹೀಗಿಲ್ಲ."

"ಇಪ್ಪತ್ತಾರು ವರ್ಷದಿಂದ ಕೇಳ್ತಿದ್ದೀನಿ. ಹೀಗೇ ಇದೆ."

ದರ್ಜಿ ಸಹಿ ಹಾಕಲು ಒಪ್ಪಲಿಲ್ಲ. ಆಮೇಲೆ ಔಷಧದಂಗಡಿಯವರೂ ಒಪ್ಪಲಿಲ್ಲ. ಹೆಡ್‌ಮಿಸ್ಸಂತೂ ತಮ್ಮದೇ ಓದು ಕೇಳಿ, "ಈ ಹೆಂಗಸಿಗೆ ಉಸಿರು ಎಲ್ಲಿ ತಗೋಬೇಕು ಅಂತ ಯಾರೂ ಕಲಿಸಿಲ್ಲ," ಎಂದು ತೀರ್ಪು ಕೊಟ್ಟರು. ಮನುಷ್ಯನಿಗೆ ತನ್ನ ದನಿಯೊಂದೇ ಅಪರಿಚಿತ ಎಂಬ ಮಹಾಸತ್ಯ ಅಂದು ಸೈಕಲ್ ಅಂಗಡಿಯ ಮೇಲೆ ಬಯಲಾಯಿತು. ಹನ್ನೊಂದು ಗಂಟೆಯ ಹೊತ್ತಿಗೆ ಒಂಬತ್ತು ಫೈಲು ನೋಡಿ ಮುಗಿದಿತ್ತು. ಒಂಬತ್ತೂ ವಿವಾದದಲ್ಲಿದ್ದವು.

ಇಷ್ಟರಲ್ಲಿ ಜನರನ್ನು ಸರಿಸುತ್ತಾ ಒಬ್ಬರು ಅಧಿಕಾರಿಗಳು ಮೇಲೆ ಬಂದರು. ಊರಿನ ಗ್ರಂಥಾಲಯಗಳೆಲ್ಲ ಅವರ ಕೈಕೆಳಗೆ. "ಇಲ್ಲಿ ನೇಮಕಾತಿ ನಡೀತಿದೆಯಂತೆ. ಯಾರ ಅನುಮತಿ?"

"ನೇಮಕಾತಿ ಅಲ್ಲ ಸ್ವಾಮಿ, ಭೌತಿಕ ಪರಿಶೀಲನೆ," ಎಂದು ಭಾವ ವರದಿ ತೋರಿಸಿದರು. ಅಧಿಕಾರಿಗಳು ವರದಿ ನೋಡಿದರು, ಪ್ರಶ್ನೆ ಚಿಹ್ನೆ ನೋಡಿದರು, ಸಾಲು ನೋಡಿದರು. ಅಲ್ಲೇ ಒಂದು ಕುರ್ಚಿ ಎಳೆದು ಕೂತರು.

ಆಗ ಮೂಲೆಯಿಂದ ಒಂದು ದನಿ. "ಸಾರ್, ಇನ್ನೊಂದು ಸಲ ಆ ಮೊದಲನೇದು ಹಾಕಿ."

ಆಪರೇಟರಮ್ಮ ಯಾವಾಗಲೋ ಬಂದು ಗೋಡೆಗೊರಗಿ ಕೂತಿದ್ದರು. ಭಾವ ಹಾಕಿದರು. ಮೂರು ಮಾತು ಕೇಳಿರಬೇಕು.

"ಸಾಕು. ದರ್ಜಿಯವರು. ಪ್ರವಾಸದ ಪುಸ್ತಕ, ನಾಲ್ಕನೇ ಭಾಗ. ಐದನೇದಕ್ಕೆ ಫ್ಯಾನು ರಿಪೇರಿ ಆಗಿತ್ತು, ಇದರಲ್ಲಿ ಕಿರ್ ಅಂತಿದೆ. ಮುಂದಿನದು ಹಾಕಿ."

ಮುಂದಿನದು ಹಾಕಿದರು. "ಔಷಧದಂಗಡಿ. ಪತ್ತೇದಾರಿ ಕಥೆ, ಎರಡನೇ ಭಾಗ. ಕೆಳಗಡೆ ಯಾರೋ ರಿಮ್ಮಿಗೆ ಸುತ್ತಿಗೆ ಹಾಕ್ತಿದ್ದಾರೆ. ಮುಂದಿನದು."

ನಾನು ನೋಟುಬುಕ್ಕು ತೆಗೆದೆ. ಆಮೇಲೆ ನಡೆದದ್ದನ್ನು ಹೇಗೆ ಹೇಳಲಿ? ನಾವು ಆರು ವರ್ಷ ಆ ಕೋಣೆಯಲ್ಲಿ ಓದಿದ್ದೆವು, ಯಾರಾದರೂ ಕೇಳುತ್ತಾರೆಯೇ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಇಲ್ಲಿ ಒಬ್ಬರು ಎಲ್ಲವನ್ನೂ ಕೇಳಿದ್ದರು. ಪುಸ್ತಕ ಮಾತ್ರವಲ್ಲ, ಫ್ಯಾನು, ಕುರ್ಚಿ, ಹೆಡ್‌ಮಿಸ್ಸಿನ ಹೊಸ ಹಲ್ಲು, ಬೇಸಿಗೆಯಲ್ಲಿ ತೆರೆದ ಕಿಟಕಿ. ಭಾವ ಹಾಕುತ್ತಾರೆ, ಆಪರೇಟರಮ್ಮ ಹೇಳುತ್ತಾರೆ, ನಾನು ಬರೆಯುತ್ತೇನೆ. ಹದಿನೇಳು ವರ್ಷ ಬೋರ್ಡಿನಲ್ಲಿ ದನಿ ಹಿಡಿದು ತಂತಿ ಸೇರಿಸಿದ ಕಿವಿ ಅದು, ಒಂದಕ್ಕೂ ತಡವರಿಸಲಿಲ್ಲ. ಘೋಷಕರಾಗಲು ಬಂದವರು ಕೂಡ ರೈಲು ಮರೆತು ಮೆಟ್ಟಿಲಲ್ಲಿ ಕೂತು ಮೂಗಿನ ಮೇಲೆ ಬೆರಳಿಟ್ಟುಕೊಂಡು ಕೇಳುತ್ತಿದ್ದರು. ಅಧಿಕಾರಿಗಳು ಎದ್ದು ಹೋಗಿ ಗದ್ದಲ ಮಾಡುವವರನ್ನು ತಾವೇ ಸುಮ್ಮನಿರಿಸಿದರು.

ಸಂಜೆ ನಾಲ್ಕಕ್ಕೆ ನನ್ನ ಸರದಿ ಬಂತು. "ಇದು ನೀವು. ಕೋಳಿ, ಒಂದು," ಎಂದರು. ಎರಡು, ಮೂರು, ಹೀಗೆ ಹನ್ನೊಂದೂ ಅಲ್ಲೊಂದು ಇಲ್ಲೊಂದು ಸಿಕ್ಕವು. ಕೊನೆಗೆ ಇನ್ನೊಂದು ಬಂತು. "ಇದೂ ನೀವೇ. ಆದ್ರೆ... ಸ್ವಲ್ಪ ಬಿಡಿ ಸಾರ್, ನಿಲ್ಲಿಸಬೇಡಿ."

ಸ್ಪೀಕರಿನ ಪೆಟ್ಟಿಗೆಯೊಳಗಿಂದ ನನ್ನ ದನಿ ಭಾವಪೂರ್ಣವಾಗಿ ಹೇಳುತ್ತಿತ್ತು: "ಗಳಿಕೆ ರಜೆಯನ್ನು ವೈದ್ಯಕೀಯ ರಜೆಯೊಂದಿಗೆ ಸೇರಿಸಿ ಪಡೆಯುವಾಗ..."

"ಕೋಳಿಗೆ ಯಾವ ರಜೆ?" ಎಂದ ಸೈಕಲ್ ಅಂಗಡಿಯವನು. ಎಲ್ಲರೂ ನಕ್ಕರು.

ನಾನು ನಗಲಿಲ್ಲ. ನನಗೆ ನೆನಪಾಗಿತ್ತು. ನಾಲ್ಕು ವರ್ಷದ ಹಿಂದೆ ಹೆಡ್‌ಮಿಸ್ಸು ಹಲ್ಲು ಕೀಳಿಸಿಕೊಂಡ ದಿನ ನಿಯಮಾವಳಿಯ ಒಂದು ಅಧ್ಯಾಯವನ್ನು ನಾನು ಓದಿದ್ದೆ. ಭಾವ ಹೆಸರು ಕೊಡುವಾಗ ಮೊದಲ ಮಾತಿಗೇ ನನ್ನ ದನಿಯೆಂದು ತಿಳಿದು ‘ಕೋಳಿ ಸಾಕಣೆ ಭಾಗ ಹನ್ನೆರಡು’ ಎಂದು ಬರೆದಿಟ್ಟಿದ್ದರು. ನಿಯಮಾವಳಿಯ ಉಳಿದ ಭಾಗಗಳಿಗೆ ಒಂದರಿಂದ ಅರವತ್ತಮೂರರವರೆಗೆ ಸಾಲಾಗಿ ಅಂಕಿ ಬಿದ್ದಿತ್ತು, ನಡುವೆ ಒಂದು ಇಲ್ಲವೆಂದು ತಿಳಿಯುವ ದಾರಿಯೇ ಇರಲಿಲ್ಲ. ನಾಲ್ಕು ವರ್ಷದಲ್ಲಿ ಲೋಕದ ಒಬ್ಬನೇ ಒಬ್ಬನು ನನ್ನ ಕೋಳಿಯನ್ನು ಹನ್ನೆರಡರವರೆಗೆ ಕೇಳಿದ್ದರೂ ಸಾಕಿತ್ತು. ಆಪರೇಟರಮ್ಮನೂ ಪುಸ್ತಕ ಮುಗಿಯಿತೆಂದು ಹನ್ನೊಂದಕ್ಕೇ ನಿಲ್ಲಿಸಿದ್ದರಂತೆ, ಹನ್ನೆರಡನ್ನು ಯಾರೂ ಕೇಳಿರಲಿಲ್ಲ. ನನಗೆ ಆದ ಅವಮಾನವನ್ನು ಆ ಹೊತ್ತಿನಲ್ಲಿ ಬದಿಗಿಡಬೇಕಾಯಿತು.

ಏಕೆಂದರೆ ಆಪರೇಟರಮ್ಮ ಮೆಲ್ಲಗೆ ಹೇಳುತ್ತಿದ್ದರು, "ಹೋದ ಸಲ ರಜೆ ನಿಯಮದ ಮೇಲೆ ಹತ್ತು ಅಂಕದ ಪ್ರಶ್ನೆ ಇತ್ತು. ಅದರ ಹಿಂದಿನ ಸಲಾನೂ. ಪುಸ್ತಕದಲ್ಲೇ ಇಲ್ಲದ್ದು ಕೇಳಿದ್ದಾರೆ ಅಂದ್ಕೊಂಡು ಬಿಟ್ಟು ಬಂದಿದ್ದೆ."

ಭಾವನ ಕೈ ಗುಂಡಿಯ ಮೇಲೇ ನಿಂತಿತು. "ಮುಂದಿನದು ಹಾಕಿ ಸಾರ್," ಎಂದರು ಆಪರೇಟರಮ್ಮ. ಉಳಿದ ಫೈಲುಗಳನ್ನೂ ಮುಗಿಸಿ, ತಮ್ಮ ಅರವತ್ತನಾಲ್ಕು ಭಾಗ ತುಂಬಿಸಿಕೊಂಡು, ಎಲ್ಲರಿಗೂ ಹೇಳಿ ಹೊರಟರು.

ಆಮೇಲಿನ ದಿನಗಳಲ್ಲಿ ಭಾವ ಸರಿಯಾಗಿ ಊಟ ಮಾಡಲಿಲ್ಲ. "ಎರಡು ವರ್ಷ ಕಣೇ. ನನ್ನ ಕೈಯಿಂದ ಅವರ ಎರಡು ವರ್ಷ ಹೋಯ್ತು. ಅದಕ್ಕೆ ಎಲ್ಲಿಂದ ತರಲಿ ಬ್ಯಾಕಪ್ಪು?" ಎಂದು ಅಕ್ಕನ ಮುಂದೆ ಹೇಳಿಕೊಂಡರು. ಯಾವ ಮಾತಿಗೂ ಎದುರುತ್ತರ ಸಿದ್ಧವಿಟ್ಟುಕೊಂಡಿರುವ ಅಕ್ಕ ಅಂದು ಸುಮ್ಮನೆ ಅವರ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು.

ತಿಂಗಳು ಕಳೆಯಿತು. ಸಹಾಯವಾಣಿಯ ತಜ್ಞರು ಸರಿಪಡಿಸಿದ ತಂತ್ರಾಂಶದೊಂದಿಗೆ ತಾವೇ ಬಂದರು. ಅಧಿಕಾರಿಗಳು ಅದೇ ದಿನ ಭಂಡಾರದಲ್ಲಿ ಒಂದು ಸಣ್ಣ ಸಭೆ ಕರೆದಿದ್ದರು. ಬೀದಿಯವರೆಲ್ಲ ಇದ್ದರು, ಆಪರೇಟರಮ್ಮ ಹಿಂದಿನ ಸಾಲಿನಲ್ಲಿ ಇದ್ದರು. ತಜ್ಞರು ಗುಂಡಿ ಒತ್ತಿದ ಕೂಡಲೇ ಹಳೆಯ ಹೆಸರುಗಳು ಅಚ್ಚ ಕನ್ನಡದಲ್ಲಿ, ಕೆಮ್ಮು ಸಮೇತ ಪ್ರತ್ಯಕ್ಷವಾದವು. ನನ್ನ ನೋಟುಬುಕ್ಕಿನ ಪಟ್ಟಿಯನ್ನು ಅವುಗಳ ಪಕ್ಕದಲ್ಲಿಟ್ಟು ಹೋಲಿಸಿದರು. ತಜ್ಞರ ಹುಬ್ಬು ಮೇಲೇರುತ್ತಲೇ ಹೋಯಿತು.

"ಸಾವಿರದ ನಾನೂರ ಹನ್ನೊಂದು ಸರಿಯಾಗಿದೆ. ಒಂದು ಮಾತ್ರ ತಪ್ಪು. ಮೂಲದಲ್ಲಿ ‘ಕೋಳಿ ಸಾಕಣೆ ಭಾಗ ಹನ್ನೆರಡು’, ಇವರು ‘ನಿಯಮಾವಳಿ’ ಅಂದಿದ್ದಾರೆ."

"ಒಂದು ತಪ್ಪು ಏನು ಮಹಾ!" ಎಂದರು ಅಧಿಕಾರಿಗಳು. "ಎಷ್ಟಾದರೂ ಮನುಷ್ಯರ ಕಿವಿ. ಇರಲಿ, ನಾವು ಮುಖ್ಯವಾಗಿ ಅಭಿನಂದಿಸಬೇಕಾದ್ದು ಒಂದು ಫೈಲೂ ಕಳೆಯದ ಹಾಗೆ ಕಾಪಾಡಿದ ನಮ್ಮ..."

ಭಾವ ಎದ್ದು ನಿಂತರು. ಸುಮ್ಮನೆ ಕೂತಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ತಿಳಿದಿದ್ದ ಅಕ್ಕ, ಆಪರೇಟರಮ್ಮ, ನಾನು ಮೂವರೂ ಬಾಯಿ ಬಿಡುತ್ತಿರಲಿಲ್ಲ. ನಾನು ಅವರ ಅಂಗಿಯ ತುದಿ ಹಿಡಿದು ಜಗ್ಗಿದೆನೆಂಬುದನ್ನೂ ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

"ಸ್ವಾಮಿ, ಅವರದ್ದು ತಪ್ಪಿಲ್ಲ. ಅವರು ಸಾವಿರದ ನಾನೂರ ಹನ್ನೆರಡೂ ಸರಿಯಾಗೇ ಹೇಳಿದ್ದಾರೆ. ಮೂಲಾನೇ ತಪ್ಪು. ಬರೆದೋನು ನಾನು. ಪೂರ್ತಿ ಕೇಳದೇ ಹೆಸರು ಹಾಕಿದೆ. ನಾಲ್ಕು ವರ್ಷ ಆ ತಪ್ಪನ್ನೇ ಪ್ರತಿ ಶುಕ್ರವಾರ ಭದ್ರವಾಗಿ ಬ್ಯಾಕಪ್ ತಗೊಂಡೆ. ಅದರಿಂದ ಇವರು ಎರಡು ಸಲ ಪರೀಕ್ಷೇಲಿ ಹೋದರು."

ನಮ್ಮ ಭಾವ ಗೊಂದಲದ ಮನುಷ್ಯ ನಿಜ, ಆದರೆ ಆ ದಿನ ಆ ಕೋಣೆಯಲ್ಲಿ ಅವರಷ್ಟು ನೇರವಾಗಿ ನಿಂತವರು ಬೇರೆ ಯಾರೂ ಇರಲಿಲ್ಲ. ನನಗೆ ಅವರ ಬಗ್ಗೆ ಹೆಮ್ಮೆಯಾಯಿತು.

ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. "ಸಾರ್," ಎಂದರು ಆಪರೇಟರಮ್ಮ, "ನಿನ್ನೆ ಫಲಿತಾಂಶ ಬಂತು. ಈ ಸಲಾನೂ ರಜೆ ನಿಯಮದ ಪ್ರಶ್ನೆ ಕೇಳಿದ್ರು. ಹತ್ತಕ್ಕೆ ಒಂಬತ್ತು ಬಂದಿದೆ. ಪಾಸಾದೆ."

ಹೆಡ್‌ಮಿಸ್ಸು ಮೊದಲು ಚಪ್ಪಾಳೆ ತಟ್ಟಿದರು, ಆಮೇಲೆ ಕೋಣೆಯೆಲ್ಲ. ಭಾವ ಮಾತ್ರ ಎರಡು ಕನ್ನಡಕವನ್ನೂ ಒಂದಾದ ಮೇಲೊಂದು ಒರೆಸಿಕೊಂಡರು.

"ಎರಡು ವರ್ಷ ಹೋಗಿದ್ದಕ್ಕೆ ನನಗೆ ಬೇಜಾರಿಲ್ಲ ಅಂದ್ರೆ ಸುಳ್ಳಾಗುತ್ತೆ," ಎಂದು ಆಪರೇಟರಮ್ಮ ಸದ್ದಡಗಿದ ಮೇಲೆ ಮುಂದುವರಿಸಿದರು. "ಬೇಜಾರಿದೆ. ಅದಕ್ಕೇ ಒಂದು ಕೇಳ್ತೀನಿ. ಇನ್ನು ಮೇಲೆ ಶನಿವಾರ ಶನಿವಾರ ನಾನು ಬರ್ತೀನಿ. ನಾನು ಪೂರ್ತಿ ಕೇಳಿದ ಮೇಲೇ ಫೈಲಿಗೆ ಹೆಸರು. ನೀವು ಬ್ಯಾಕಪ್ ಮಾತ್ರ ತಗೊಳ್ಳಿ."

ಭಾವ ಅವರನ್ನು ಮುಂದೆ ಕರೆತಂದು, ಕಂಪ್ಯೂಟರಿನ ಮುಂದಿನ ಕುರ್ಚಿ ಎಳೆದು ಅವರ ಕೈಗೆ ತಾಗಿಸಿದರು. ಆಮೇಲೆ, ಸ್ವಂತ ಹೆಂಡತಿಗೂ ಹೇಳದೆ ಆರು ವರ್ಷ ಕಾಪಾಡಿಕೊಂಡು ಬಂದಿದ್ದ ಪಾಸ್‌ವರ್ಡನ್ನು, ಅವರಿಗೆ ಸ್ಪಷ್ಟವಾಗಿ ಕೇಳಿಸಲೆಂದು ಅಧಿಕಾರಿಗಳು, ತಜ್ಞರು, ದರ್ಜಿ ದಂಪತಿ ಮತ್ತು ಇಡೀ ಬೀದಿಯ ಎದುರಿಗೆ ಗಟ್ಟಿಯಾಗಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. ಆಪರೇಟರಮ್ಮ ನಗುತ್ತಾ ಕೂತು ಅಲ್ಲೇ ಅದನ್ನು ಬದಲಾಯಿಸಿದರು. ಹೊಸದು ಏನೆಂದು ಅವರೊಬ್ಬರಿಗೇ ಗೊತ್ತು. ಶುಕ್ರವಾರ ಬಂತೆಂದರೆ ಭಾವ ಆಸ್ಪತ್ರೆಗೆ ಫೋನು ಮಾಡಿ, ಬ್ಯಾಕಪ್ ತೆಗೆದುಕೊಳ್ಳಲು ಅನುಮತಿ ಕೇಳುತ್ತಾರೆ.